ಮೆಷಿನ್ ರೂಮಿನ ಸಾಂಬ್ರಾಣಿ

ಟಿಣ್, ಟಿಣ್ ಎಂದು ಪುಟ್ಟ ಗಂಟೆಯ ಸದ್ದು. ಹುಣಸೂರಿನ ಹಳೇ ಟಾಕೀಸಿನ ಮೇಲಿನ ಕೋಣೆಯಿಂದ ಅದು ಕೇಳಿಸಿತೆಂದರೆ ಎದುರಿನ ಟೀ ಅಂಗಡಿಯವನು ಇನ್ನೊಂದು ಲೋಟ ತೊಳೆದಿಡುತ್ತಾನೆ. ವೀರಮ್ಮ ಪೂಜೆ ಮುಗಿಸಿ ಕೆಳಗಿಳಿದು ಬರುವ ಹೊತ್ತದು.

ವೀರಮ್ಮನ ಗಂಡ ವೀರಭದ್ರಸ್ವಾಮಿ ಅಲ್ಲಿ ರೀಲು ಓಡಿಸುತ್ತಿದ್ದವರು. ಪ್ರೊಜೆಕ್ಟರಿಗೆ ವಿಭೂತಿ ಹಚ್ಚಿ, ಹೂ ಮುಡಿಸಿ, ಸಾಂಬ್ರಾಣಿ ಹಾಕದೆ ಎಂದೂ ಸ್ವಿಚ್ ಮುಟ್ಟಿದವರಲ್ಲ. ಅವರು ತೀರಿಕೊಂಡ ಮೇಲೆ ವೀರಮ್ಮ ಹಾಲ್ ಗುಡಿಸುವ ಕೆಲಸಕ್ಕೆ ಬಂದರು. ಪೂಜೆಯನ್ನು ಯಾರೂ ಅವರಿಗೆ ವಹಿಸಿರಲಿಲ್ಲ, ಬೇಡವೆಂದವರೂ ಇಲ್ಲ. ರೀಲು ಹೋಗಿ ಡಿಜಿಟಲ್ ಪ್ರೊಜೆಕ್ಟರ್ ಬಂದ ದಿನ ಆ ಬಿಳಿ ಪೆಟ್ಟಿಗೆಯ ಹಣೆ ಯಾವ ಕಡೆಗಿದೆ ಎಂದು ಒಂದು ಸುತ್ತು ಬಂದು ನೋಡಿ, ಲೆನ್ಸಿನ ಮೇಲ್ಗಡೆ ವಿಭೂತಿ ಎಳೆದಿದ್ದರು. ಅಲ್ಲಿ ನಿಂತಷ್ಟು ಹೊತ್ತು ಗಂಡ ಪಕ್ಕದಲ್ಲೇ ಇದ್ದಂತೆ ಅವರಿಗೆ.

ಈಚೆಗೆ ಪರದೆಯ ಮೇಲೆ ಚಿತ್ರ ಮಂಕಾಗತೊಡಗಿತ್ತು. ನಡುಹಗಲಿನ ದೃಶ್ಯವೂ ಮುಸ್ಸಂಜೆಯ ಹಾಗೆ. ಮಾಲೀಕ ಶಿವಶಂಕರ್ ಹೊಸ ಲ್ಯಾಂಪ್ ಹಾಕಿಸಿದ, ಪ್ರಯೋಜನವಾಗಲಿಲ್ಲ. ಲೇಸರ್ ಪ್ರೊಜೆಕ್ಟರ್ ಕೊಳ್ಳುವುದೋ, ಮುಚ್ಚಿಹೋದ ಬೇರೊಂದು ಟಾಕೀಸಿನ ಲ್ಯಾಂಪ್ ಪ್ರೊಜೆಕ್ಟರನ್ನೇ ತರುವುದೋ ಎಂದು ಕೇಳಲು ಮೈಸೂರಿನಿಂದ ಸರ್ವಿಸ್ ಇಂಜಿನಿಯರನ್ನು ಕರೆಸಿದ. ಬಂದವಳು ಪವಿತ್ರ, ಕೆ.ಆರ್. ನಗರದ ಹುಡುಗಿ.

ಪವಿತ್ರ ಮೊದಲು ಪೆಟ್ಟಿಗೆಯ ಪಕ್ಕೆ ಬಿಚ್ಚಿ, ಗಾಳಿ ಸೋಸುವ ಫಿಲ್ಟರನ್ನು ಹೊರತೆಗೆದಳು. ಸೌದೆ ಒಲೆಯ ಹಿಂದಿನ ಗೋಡೆಯಷ್ಟು ಕಪ್ಪು. ಮೂಸಿ ನೋಡಿ ನಕ್ಕಳು.

"ಸಾರ್, ಇಲ್ಲಿ ಸಾಂಬ್ರಾಣಿ ಹಾಕ್ತೀರಾ?"

"ಮೆತ್ತಗೆ ಮಾತಾಡವ್ವ," ಎಂದ ಶಿವಶಂಕರ್.

"ಹೊಗೆನೆಲ್ಲ ಫ್ಯಾನು ಒಳಕ್ಕೆ ಎಳ್ಕೊಂಡೈತೆ. ಗಾಜೆಲ್ಲ ಮಸಿ. ಕ್ಲೀನ್ ಮಾಡಿದ್ರೆ ಇದೇ ಇನ್ನೊಂದೆರಡು ವರ್ಷ ಓಡ್ತದೆ. ಆದ್ರೆ ಹೊಗೆ ನಿಲ್ಲಿಸ್ಬೇಕು."

"ಲೇಸರ್ ಆದ್ರೆ?"

"ಅದ್ರೊಳಕ್ಕೆ ಹೊಗೆ ಇಷ್ಟು ಬೇಗ ಹೋಗಲ್ಲ."

"ಹಂಗಾದ್ರೆ ಲೇಸರ್ನೇ ತತ್ತೀನಿ ಬುಡು."

"ಹೊಗೆ ಹಾಕೋರಿಗೆ ಒಂದ್ ಮಾತು ಹೇಳಕ್ಕಾಗ್ದೆ ಅಷ್ಟು ದುಡ್ಡು ಸುರೀತೀರಾ?"

"ವೀರಮ್ಮೋರ್ಗಾ? ನೀನೇ ಹೇಳು ನೋಡಾನ. ಪೂಜೆ ಬುಡುಸ್ಬುಟ್ರೆ ಆಯಮ್ಮಂಗೆ ಇನ್ನೇನೈತೆ?"

ಕೈಯಲ್ಲಿ ಧೂಪಾರತಿ ಹಿಡಿದು ವೀರಮ್ಮ ಬಾಗಿಲಲ್ಲೇ ನಿಂತಿದ್ದರು. ಕೆಂಡಕ್ಕೆ ಇನ್ನೂ ಸಾಂಬ್ರಾಣಿ ಬಿದ್ದಿರಲಿಲ್ಲ. ಅವರು ಕೇಳಿದ್ದು ಪವಿತ್ರಳನ್ನು.

"ಹೊಗೆ ಆಗಲ್ವಾ ಮಗ?"

"ಆಗಲ್ಲ ಅಜ್ಜಿ."

"ಹೂವ?"

"ಎಸಳು ಉದುರಿ ಗಾಳಿ ಕಿಂಡೀಲಿ ಸಿಕ್ಕಾಕೊಳ್ತವೆ."

"ಈಬೂತಿ?"

"ಪುಡಿ ಅಲ್ವಾ ಅಜ್ಜಿ, ಅದೂ..."

"ನಮ್ ಮನೆಯವ್ರಿಗಿಂತ ಸೂಕ್ಷ್ಮ ಕಣವ್ವ ಇದು. ಅವ್ರೂ ಉಪ್ಪು ಒಂದರಳು ಎಚ್ಚಾದ್ರೆ ತಟ್ಟೆ ತಳ್ಬುಡೋರು. ಮತ್ತೆ ಇದ್ಕೇನು ಬೇಕು?"

"ಫಿಲ್ಟರ್ನ ಆಗಾಗ ಸೋಪಿನ ನೀರಲ್ಲಿ ತೊಳ್ದು, ಪೂರ್ತಿ ಒಣಗ್ಸಿ ಹಾಕ್ಬೇಕು. ಅಷ್ಟೇ."

"ಗಂಟೆ?"

ಪವಿತ್ರ ಕೈಯಲ್ಲಿದ್ದ ಫಿಲ್ಟರನ್ನು ಕೆಳಗಿಟ್ಟಳು. "ಗಂಟೆ ಬಾರಿಸ್ಬೋದು ಅಜ್ಜಿ. ಎಷ್ಟು ಬೇಕಾದ್ರೂ."

ವೀರಮ್ಮ ಧೂಪಾರತಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಬಂದರು. ಸೆರಗಿನ ತುದಿಯಿಂದ ಪೆಟ್ಟಿಗೆಯ ಹಣೆಯ ಮೇಲಿನ ವಿಭೂತಿ ಒರೆಸಿದರು. ಕೈ ಒಮ್ಮೆ ನಿಂತಿತು, ಮತ್ತೆ ಒರೆಸಿತು. ಆಮೇಲೆ ಗಂಟೆ ತೆಗೆದು ಬಾರಿಸಿದರು, ದಿನಕ್ಕಿಂತ ಕೊಂಚ ಹೆಚ್ಚು ಹೊತ್ತು.

ಶಿವಶಂಕರ್‌ಗೆ ತಡೆಯಲಾಗಲಿಲ್ಲ. "ಬೇಜಾರ್ ಮಾಡ್ಕೋಬೇಡಿ ವೀರಮ್ಮೋರೆ. ಟಿಕೆಟ್ ಕಿಂಡಿ ತಾವ ನಿಮ್ ಮನೆಯವ್ರ ಫೋಟೋ ಹಾಕುಸ್ತೀನಿ. ಅಲ್ಲಿ ಎಷ್ಟು ಸಾಂಬ್ರಾಣಿ ಬೇಕಾದ್ರೂ... ಅಯ್ಯೋ, ಅದ್ಯಾಕೆ ಮುಟ್ತೀರಿ, ಮಸಿ ಅದು! ನಾನು ತೊಳುಸ್ತೀನಿ, ನೀವು ಇಲ್ಲೇ ಕೂತ್ಕಳಿ, ಆ ಫೋಟೋ ವಿಷ್ಯ ಏನಂದೆ ಅಂದ್ರೆ..."

ವೀರಮ್ಮ ಫಿಲ್ಟರನ್ನು ಎದೆಗವಚಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದರು, ನಲ್ಲಿಯ ಕಡೆಗೆ.