‘ಏನೂ ತಿಂದಿಲ್ಲ’ ಅಂದರೆ ಕೊಕ್ಕೆಯಕ್ಕ ನಂಬುವುದಿಲ್ಲ

ಬೀದಿದೀಪಗಳು ಇನ್ನೂ ಆರಿಲ್ಲ. ಪ್ರಾಣಿಗಳ ಆಸ್ಪತ್ರೆಯ ಶಟರ್ ಅರ್ಧಕ್ಕೆ ಎದ್ದು ನಿಂತಿದೆ. ಅದರಡಿಯಿಂದ ಮೊದಲು ಪೊರಕೆ, ಆಮೇಲೆ ಬಕೆಟ್ಟು, ಕೊನೆಗೆ ಸೊಂಟ ಬಗ್ಗಿಸಿಕೊಂಡು ಐವತ್ತು ದಾಟಿದ ಹೆಂಗಸೊಬ್ಬರು ಹೊರಬರುತ್ತಾರೆ. ಮೆಟ್ಟಿಲ ಮೇಲೆ ಮೂವರು ಆಗಲೇ ಕಾದು ಕೂತಿದ್ದಾರೆ: ಗಂಡ, ಹೆಂಡತಿ, ಗಂಡನ ತಾಯಿ. ಹೆಂಡತಿಯ ಮಡಿಲಲ್ಲಿ ತೂತು ಕೊರೆದ ರಟ್ಟಿನ ಡಬ್ಬಿ. ಅದರೊಳಗೆ ಬೂದು ಬಣ್ಣದ ಮೊಲ, ಬೆನ್ನು ಗೂನು ಮಾಡಿಕೊಂಡು, ಹಲ್ಲು ಮಸೆಯುತ್ತಾ ಮುದುಡಿದೆ.

“ಏನು ತಿಂತು?”

“ಏನೂ ತಿಂದಿಲ್ಲ,” ಮೂವರೂ ಒಟ್ಟಿಗೆ ಹೇಳುತ್ತಾರೆ.

ಪೊರಕೆ ಗೋಡೆಗೆ ಒರಗುತ್ತದೆ. ಶಾಲೆಯ ಪ್ರಾರ್ಥನೆಯ ಹಾಗೆ ಮೂರು ಬಾಯಿಂದ ಒಂದೇ ರಾಗ ಬಂದರೆ ಈ ಹೆಂಗಸಿಗೆ ಕಿವಿ ನೆಟ್ಟಗಾಗುತ್ತದೆ. ಆ ಹೊತ್ತಿನಲ್ಲಿ ಡಬ್ಬಿಯೊಳಗಿನ ಮೊಲಕ್ಕಿಂತ ಅವರ ಕಿವಿಯೇ ಉದ್ದ.

ಆಸ್ಪತ್ರೆಯಲ್ಲಿ ಅವರಿಗೆ ‘ಕೊಕ್ಕೆಯಕ್ಕ’ ಎಂದೇ ಹೆಸರು. ಯಾರು ಏನು ಹೇಳಿದರೂ ಒಂದು ಕೊಕ್ಕೆ ಹಾಕದೆ ಬಿಡುವುದಿಲ್ಲ. ಹಿಂದೆ ಸಿದ್ಧ ಉಡುಪಿನ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿದ್ದರು. “ಹೊಲ್ದೋಳು ಹೊಲಿಗೆ ಸರಿ ಇದೆ ಅಂತಾನೇ ಹೇಳೋದು. ಬಟ್ಟೆ ತಿರುಗ್ಸಿ ನೋಡ್ಬೇಕು. ಇಲ್ಲೂ ಅದೇ ಕೆಲಸ. ಮೊಲನ ತಿರುಗ್ಸಿ ನೋಡೋರು ಡಾಕ್ಟರಮ್ಮ, ತಂದೋರನ್ನ ತಿರುಗ್ಸಿ ನೋಡೋಳು ನಾನು,” ಎನ್ನುತ್ತಾರೆ. ಕಾರ್ಖಾನೆ ಬಾಗಿಲು ಹಾಕಿದಾಗ ನೆಲ ಒರೆಸಲು ಇಲ್ಲಿಗೆ ಬಂದರು. ಈಗ ನೆಲವೂ ಅವರದೇ, ತೂಕದ ಯಂತ್ರವೂ ಅವರದೇ, ಬೆಳಗಿನ ಫೋನೂ ಅವರದೇ. ಮುಂಗೈ ತುಂಬಾ ಗೀರು. ಮೊಣಕಾಲು ಸಂಜೆಯ ಹೊತ್ತಿಗೆ ಮುಷ್ಕರ ಹೂಡುತ್ತದೆ. ದಿನಕ್ಕೆ ಮೂವತ್ತು ನಲವತ್ತು ಪ್ರಾಣಿಗಳು ಬಂದರೆ, ವಾರಕ್ಕೆ ಮೂರೋ ನಾಲ್ಕೋ ಮೊಲ. ಆದರೆ ಅವರ ನಿದ್ದೆ ಕೆಡಿಸುವುದು ಆ ಮೂರು ನಾಲ್ಕೇ.

“ನಾಯಿ ಬೆಕ್ಕಾದ್ರೆ ಬೇಡದ್ದು ತಿಂದ್ರೆ ಎಷ್ಟೋ ಸಲ ಕಕ್ಕಿಬಿಡ್ತವೆ. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ. ಒಳಗೆ ಹೋಗಿದ್ದು ಒಳಗೇ. ಈ ಜನರ ಬಾಯಿಂದಾನೂ ಸತ್ಯ ಹಂಗೇ, ಮೇಲಕ್ಕೆ ಬರಲ್ಲ.”

ಫೋನಿನಲ್ಲಿ ಬರುವವರನ್ನು ಅವರು ಅನುಕರಿಸುವುದನ್ನು ಕೇಳಬೇಕು. ಮೂಗಿನಲ್ಲಿ ಎಳೆದು, “ಮೇಡಂ, ನಮ್ ಬಂಗಾರಿ ಸ್ವಲ್ಪ ಡಲ್ ಇದಾಳೆ ಅಷ್ಟೇ.” ಮರುಕ್ಷಣ ತಮ್ಮದೇ ದನಿ: “ಅಷ್ಟೇ ಅಂದ್ರೆ ಎಷ್ಟು? ಚಾಕಲೇಟಾ, ಈರುಳ್ಳಿನಾ, ಅಜ್ಜಿ ಮಾತ್ರೆನಾ?” ಹಾಲು, ಎಣ್ಣೆ, ಮನೆಮದ್ದು ಯಾವುದನ್ನೂ ಬಾಯಿಗೆ ಹಾಕಬೇಡಿ ಎಂದು ಮೊದಲೇ ಗದರುತ್ತಾರೆ. ಉಪವಾಸ ಕೆಡವಬೇಡಿ, ಒಣಹುಲ್ಲು ನೀರು ಮುಂದಿರಲಿ, ಉಳಿದ ಚೂರಿದ್ದರೆ ಪ್ಯಾಕೆಟ್ಟಿನ ಸಮೇತ ಹೊತ್ತು ತನ್ನಿ, ಹಿಕ್ಕೆ ಹಾಕಿದೆಯೋ ಇಲ್ಲವೋ ನೋಡಿಕೊಂಡು ಬನ್ನಿ ಎನ್ನುತ್ತಾರೆ. ಆ ಕಡೆಯಿಂದ ‘ಹೂಂ’ ಎಂದರೆ ಅದನ್ನೂ ನಂಬುವುದಿಲ್ಲ.

ಮನೆಯವರನ್ನು ಬೇರೆಬೇರೆ ಮಾಡಿ ಕೇಳುವುದು ಅವರ ಪದ್ಧತಿ. ಒಬ್ಬರ ಎದುರು ಇನ್ನೊಬ್ಬರು ಬಾಯಿ ಬಿಡುವುದಿಲ್ಲವೆಂಬುದು ಅವರ ಅನುಭವ. ಹಾಗಾಗಿ ಇಂದೂ ಮೊದಲು ಹೆಂಡತಿಯನ್ನು ತೂಕದ ಯಂತ್ರದ ಬಳಿ ಕರೆಯುತ್ತಾರೆ.

“ನಮ್ಮತ್ತೆ ಹಾಸಿಗೆ ಹೊದಿಕೆನ ಇದು ಕಡಿದು ಹಾಕಿತ್ತು. ಆವತ್ತಿಂದ ಅವರಿಗೆ ಇದರ ಮುಖ ಕಂಡ್ರೆ ಆಗಲ್ಲ,” ಎಂದು ಆಕೆ ಪಿಸುಗುಡುತ್ತಾಳೆ. “ನಾನು ಹೇಳ್ದೆ ಅನ್ಬೇಡಿ.”

ಅಷ್ಟು ಸಾಕಾಗುತ್ತದೆ. ಕೊಕ್ಕೆಯಕ್ಕ ಮೊಲದ ಗಲ್ಲದಡಿ ಬೆರಳಾಡಿಸುತ್ತಾರೆ. ಕೂದಲು ಗಂಜಿ ಹಾಕಿದ ಬಟ್ಟೆಯಂತೆ ಸೆಟೆದುಕೊಂಡಿದೆ, ಬಿಳಿ ಬಿಳಿ ಪುಡಿ ಉದುರುತ್ತದೆ. ಕೈ ತೊಳೆಯುವ ನೆಪದಲ್ಲಿ ಅತ್ತೆಯನ್ನು ಹಿಂದಿನ ನಲ್ಲಿಯ ಹತ್ತಿರ ಕರೆದೊಯ್ಯುತ್ತಾರೆ.

“ಉಪ್ಪುನೀರು ಎಷ್ಟು ಕುಡಿಸಿದ್ರಿ ಅಮ್ಮಾ?”

ಮುದುಕಿ ನಲ್ಲಿಯನ್ನೇ ನೋಡುತ್ತಾ, “ಅರ್ಧ ಲೋಟ. ಚಮಚದಲ್ಲಿ. ವಾಂತಿಯಾಗ್ಲಿ ಅಂತ. ನಮ್ಮ ಯಜಮಾನ್ರಿಗೆ ಹಿಂದೊಂದ್ಸಲ ಹಿಂಗೇ ಮಾಡಿದ್ದೆ, ಉಳ್ಕೊಂಡ್ರು,” ಎನ್ನುತ್ತಾರೆ.

“ನಿಮ್ಮ ಯಜಮಾನ್ರು ಮೊಲ ಆಗಿರ್ಲಿಲ್ವಲ್ಲಮ್ಮ.”

ಕಳ್ಳಿ ಸಿಕ್ಕಿದಳು. ಕೊಕ್ಕೆಯಕ್ಕನ ನಡಿಗೆಗೆ ವೇಗ ಬರುತ್ತದೆ. ಅಷ್ಟರಲ್ಲಿ ಬಂದ ಡಾಕ್ಟರಮ್ಮನಿಗೆ ವಿಷಯ ಒಪ್ಪಿಸುತ್ತಾರೆ. ಡಾಕ್ಟರಮ್ಮ ಮೊಲದ ಎದೆಗೆ ಸ್ಟೆತಸ್ಕೋಪ್ ಇಟ್ಟು, ನೀರು ಶ್ವಾಸಕೋಶಕ್ಕೆ ಇಳಿದಿಲ್ಲವೆಂದು ಖಚಿತ ಮಾಡಿಕೊಂಡು, ಚರ್ಮದಡಿ ದ್ರವ ಏರಿಸುತ್ತಾರೆ. “ಉಪ್ಪು ಜಾಸ್ತಿಯಾಗಿ ಕರುಳು ಮಂಕಾಗಿದೆ. ಮಧ್ಯಾಹ್ನದವರೆಗೆ ನೋಡಿ ಮನೆಗೆ ಕಳಿಸ್ತೀನಿ.”

ಸೊಸೆ ಅತ್ತೆಯತ್ತ ತಿರುಗುತ್ತಾಳೆ. “ಹೊದಿಕೆಗಾಗಿ ಇಷ್ಟು ಹಗೆನಾ ಅತ್ತೆ?” ತಾಯಿಗೆ ಮಂಗಳಾರತಿಯಾಗುತ್ತಿದ್ದರೂ ಮಗ ಗೋಡೆಗಡಿಯಾರವನ್ನೇ ನೋಡುತ್ತಿದ್ದಾನೆ. ಆಮೇಲೆ ಗಂಟಲು ಸರಿಮಾಡಿಕೊಂಡು, “ಡಾಕ್ಟ್ರೇ, ಸುಮ್ನೆ ಕೇಳ್ತೀನಿ. ಇಲಿ ಹೊಟ್ಟೆನೂ ಮೊಲದ ಹೊಟ್ಟೆನೂ ಒಂದೇ ಥರನಾ?” ಎನ್ನುತ್ತಾನೆ.

ಕೊಕ್ಕೆಯಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಲ್ಲುತ್ತದೆ.

“ನೀವು ತಂದಿದ್ದು ಮೊಲ. ಇಲಿ ಎಲ್ಲಿಂದ ಬಂತು ಇಲ್ಲಿಗೆ? ಬನ್ನಿ, ಚಪ್ಪಲಿ ಅಡ್ಡ ಬಿಟ್ಟಿದೀರಿ, ತೆಗೀರಿ.”

ಹೊರಗೆ, ಚಪ್ಪಲಿಗಳ ಮಧ್ಯೆ, ಅವನು ಹೇಳಿಬಿಡುತ್ತಾನೆ. ಫ್ರಿಜ್ಜಿನ ಹಿಂದೆ ಇಲಿಪಾಷಾಣದ ಬಿಲ್ಲೆ ಇಟ್ಟಿದ್ದ. ಮನೆಗೆ ವಿಷ ತಂದರೆ ತವರಿಗೆ ಹೋಗುತ್ತೇನೆಂದು ಹೆಂಡತಿ ಮೊದಲೇ ಎಚ್ಚರಿಸಿದ್ದಳು. ನಿನ್ನೆ ಸಂಜೆ ನೋಡಿದರೆ ಬಿಲ್ಲೆಯ ಅಂಚನ್ನು ಏನೋ ಕಡಿದಿತ್ತು. ಇಲಿಯೇ ಇರಬೇಕೆಂದು ತನಗೆ ತಾನೇ ಹೇಳಿಕೊಂಡು, ಪ್ಯಾಕೆಟ್ಟಿನ ಸಮೇತ ಬೀದಿ ತುದಿಯ ಕಸದ ತೊಟ್ಟಿಗೆ ಎಸೆದ.

“ಕಸದ ಗಾಡಿ ಬರೋದೆಷ್ಟೊತ್ತಿಗೆ?”

“ಈಗ್ಲೇ.”

“ಮತ್ತೆ ನಿಂತಿದೀರಲ್ಲ?”

ಅವನು ಚಪ್ಪಲಿ ಮೆಟ್ಟದೆಯೇ ಓಡುತ್ತಾನೆ. ಹಿಂತಿರುಗುವಾಗ ಅಂಗಿಯ ತೋಳಿಗೆ ಟೀ ಸೊಪ್ಪು ಮೆತ್ತಿದೆ, ಕೈಯಲ್ಲಿ ಹಸಿರು ಬಿಲ್ಲೆಯ ಪ್ಯಾಕೆಟ್. ಅಂಚಿನಲ್ಲಿ ಅಗಲವಾದ ಎರಡು ಹಲ್ಲಿನ ಗುರುತು. ಅಷ್ಟು ಅಗಲದ ಹಲ್ಲಿನ ಇಲಿಯಿದ್ದರೆ ಅದಕ್ಕೇ ಬಾಡಿಗೆ ಕೇಳಬೇಕು.

ಪ್ಯಾಕೆಟ್ಟಿನ ಹಿಂಬದಿ ಓದಿದ ಡಾಕ್ಟರಮ್ಮನ ಮುಖ ಬಿಗಿಯುತ್ತದೆ. “ಇದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ವಿಷ. ಇವತ್ತು ಏನೂ ತೋರಿಸಲ್ಲ. ಉಪ್ಪಿನ ಕಾಟ ಇಳಿದು ಮೊಲ ಚಿಗರೆ ಹಾಗೆ ಓಡಾಡ್ತಿರುತ್ತೆ, ನೀವೆಲ್ಲ ಖುಷಿಯಾಗಿರ್ತೀರಿ. ಎರಡು ಮೂರು ದಿನ ಬಿಟ್ಟು ಒಳಗೊಳಗೇ ರಕ್ತ ಸೋರುತ್ತೆ.” ಇದಕ್ಕೆ ಪ್ರತ್ಯೌಷಧವಿದೆ. ವಾರಗಟ್ಟಲೆ ತಪ್ಪದೆ ಕೊಡಬೇಕು, ಆಮೇಲೆ ರಕ್ತಪರೀಕ್ಷೆ. ಮೊದಲ ಡೋಸು ಆಗಲೇ ಸೂಜಿಯಲ್ಲಿ ತುಂಬುತ್ತಿದೆ.

ಕೊಕ್ಕೆಯಕ್ಕ ಮುದುಕಿಯ ಪಕ್ಕ ಹೋಗಿ ಕೂರುತ್ತಾರೆ. “ವಾಂತಿ ಮಾಡಿಸ್ಬೇಕು ಅಂತ ನಿಮಗ್ಯಾಕೆ ಅನ್ನಿಸ್ತು? ಅದನ್ನ ಕೇಳ್ಬೇಕಿತ್ತು ನಾನು.”

“ನಿನ್ನೆ ಮಧ್ಯಾಹ್ನ ಫ್ರಿಜ್ಜಿನ ಹಿಂದಿಂದ ಏನೋ ಅಗೀತಾ ಬಂತು ತಾಯಿ. ರಾತ್ರಿ ಹೋಗಿ ನೋಡಿದ್ರೆ ಅಲ್ಲೇನೂ ಇರ್ಲಿಲ್ಲ. ಹೇಳಿದ್ರೆ ನೀನೇ ಹಾಕಿದ್ದು ಅಂತಾರಲ್ಲ ಅಂತ ಸುಮ್ನಾದೆ.”

“ಅಂದೇ ಬಿಟ್ವಲ್ಲ,” ಎಂದು ಕೊಕ್ಕೆಯಕ್ಕ ಮುದುಕಿಯ ಕೈ ಹಿಡಿಯುತ್ತಾರೆ. “ಒಂದು ಸುಳ್ಳು ಸಿಕ್ತು ಅಂತ ಕುಣಿದೆ. ಅದರ ಹಿಂದೆ ಇನ್ನೊಂದು ಕೂತಿತ್ತು.”

ಅಷ್ಟರಲ್ಲಿ ಸೊಸೆ ಎದುರು ಬಂದು ನಿಂತಿದ್ದಾಳೆ. “ಅಕ್ಕಾ, ಯಾರು ಇಟ್ಟಿದ್ದು ಅದನ್ನ?”

“ನಾನು ಕೇಳೋದು ಮೂರೇ ಕಣಮ್ಮ. ಏನು, ಎಷ್ಟು, ಯಾವಾಗ. ಯಾರು ಅಂತ ಕೇಳೋಳಲ್ಲ. ಕೇಳಿದ್ರೆ ನಾಳೆಯಿಂದ ಒಬ್ಬರೂ ಬಾಯಿ ಬಿಡಲ್ಲ, ಮೊಲಗಳು ಸಾಯ್ತವೆ.”

ಗೋಡೆಯ ಕಡೆಯಿಂದ ಗಂಡನ ದನಿ ಬರುತ್ತದೆ. “ನಾನೇ.” ಹೆಂಡತಿ ಅತ್ತೆಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುತ್ತಾಳೆ. ಗಂಡ ನಿಂತೇ ಇರುತ್ತಾನೆ.

ಮಧ್ಯಾಹ್ನದ ಹೊತ್ತಿಗೆ ಮೊಲ ಒಂದು ಎಳೆ ಹುಲ್ಲನ್ನು ಬಾಯಿಗೆಳೆದುಕೊಳ್ಳುತ್ತದೆ. ಇನ್ನೂ ಕೆಲವು ದಿನ ಏನೂ ಹೇಳಲಾಗದು ಎಂದಿದ್ದಾರೆ ಡಾಕ್ಟರಮ್ಮ. ಕೊಕ್ಕೆಯಕ್ಕ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿದ್ದ ನಾಲ್ಕು ಹಿಕ್ಕೆಗಳನ್ನು ಒಡವೆ ಪರೀಕ್ಷಿಸುವವರಂತೆ ನೋಡುತ್ತಿದ್ದಾರೆ. ಆಸೆಯೇನಾದರೂ ಇದೆಯೇ ಎಂದರೆ ತಲೆಯೆತ್ತದೆ ಹೇಳುತ್ತಾರೆ:

“ಯಾರಾದ್ರೂ ಒಬ್ಬರು ಒಂದಿನ, ನಾನು ಕೇಳೋಕೆ ಮುಂಚೆನೇ, ಮೊಲ ಇಂಥದ್ದು ತಿಂತು, ಇಷ್ಟು ತಿಂತು ಅಂತ ನೇರವಾಗಿ ಹೇಳ್ಬೇಕು. ಅಷ್ಟು ಕೇಳ್ಕೊಂಡು ಕೆಲಸ ಬಿಟ್ಬಿಡ್ತೀನಿ.”

“ಹೇಳಿದ್ರೆ ನಂಬ್ತೀಯಾ?” ಒಳಗಿನಿಂದ ಡಾಕ್ಟರಮ್ಮ ಕೇಳುತ್ತಾರೆ.

ಕೊಕ್ಕೆಯಕ್ಕ ಹಿಕ್ಕೆಯೊಂದನ್ನು ತಿರುಗಿಸಿ ನೋಡುತ್ತಾರೆ.

“ಅವರ ಮನೇಲಿ ಇನ್ನೂ ಯಾರ್ಯಾರಿದಾರೆ ಅಂತ ಕೇಳ್ತೀನಿ.”