ಕನ್ನಡಿ ಪಾಲಿಶ್

ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಸವೆದುಹೋಗಿತ್ತು. ಚೂರಿಯ ಅಲಗಿಗೆ ನೀರು ಹಾಕಿ, ಪಾಲಿಶ್ ಪೇಪರಿನಿಂದ ಒಂದೇ ದಿಕ್ಕಿಗೆ ಗಂಟೆಗಟ್ಟಲೆ ಉಜ್ಜಿ ಆದದ್ದು ಅದು. ಮುಂಬೈ ಬಳಿಯ ಠಾಕುರ್ಲಿಯಲ್ಲಿ ನಮ್ಮ ಪಕ್ಕದ ಮನೆಯವರು. ನಮ್ಮ ಹಾಗೇ ಉಡುಪಿ ಕಡೆಯವರಾದ್ದರಿಂದ ನನಗೆ ಮಾವ. ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಪಾತ್ರೆ ಕಾರ್ಖಾನೆಯೊಂದರಲ್ಲಿ, ತಿರುಗುವ ಚಕ್ರಕ್ಕೆ ಸ್ಟೀಲ್ ಒತ್ತಿ ಹೊಳಪು ತರುವ ಬಫಿಂಗ್ ಕೆಲಸ ಮಾಡಿ, ಆ ಧೂಳಿಗೆ ಎದೆ ಕೆಟ್ಟು ಬಿಟ್ಟುಬಂದವರು. ಆಮೇಲೆ ತಗಡಿನ ಶೆಡ್ಡೊಂದರಲ್ಲಿ ಅಡುಗೆಮನೆಯ ಚೂರಿ ಮಾಡತೊಡಗಿದರು.

ಆ ಚೂರಿಗಳು ಹೊಳೆಯುತ್ತಿರಲಿಲ್ಲ. ಮಂಕು ಬೂದು ಬಣ್ಣ, ಕೂದಲೆಳೆಯಂಥ ನೇರ ಗೆರೆಗಳು. ಅಲಗನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಒಂದು ಗೆರೆ ಅಡ್ಡ ಹೋಗಿದ್ದರೂ ಮೊದಲಿನಿಂದ ಉಜ್ಜುತ್ತಿದ್ದರು. ನೋಡುತ್ತಿದ್ದ ನನಗೇ ತಲೆ ಚಿಟ್ಟು ಹಿಡಿಯುತ್ತಿತ್ತು.

ಆನ್‌ಲೈನಿನಲ್ಲಿ ಚೂರಿಗಳ ಫೋಟೊ ಹಾಕಿ ಗಿರಾಕಿ ಹುಡುಕಿಕೊಡುವ ದೊಡ್ಡಸ್ತಿಕೆ ನನ್ನದು. ಖಾರಘರದ ನನ್ನ ಆಫೀಸಿನವರಿಗೆ ಮುಖ ಕಾಣುವಂಥ ಹೊಳಪೇ ಬೇಕಿತ್ತು. ಮಾವನನ್ನು ಕೇಳದೆ ಆರು ಚೂರಿಗೆ ಹೂಂ ಅಂದುಬಂದೆ.

"ಬೇಡ ಮಗಳೇ," ಅಂದರು. "ಕನ್ನಡಿ ಪಾಲಿಶಿಗೆ ಬಫಿಂಗೇ ಆಗಬೇಕು. ಪುನಃ ಆ ಧೂಳು ನನ್ನಿಂದ ಆಗುದಿಲ್ಲ. ಮತ್ತೆ, ಪಾತ್ರೆ ತಿಕ್ಕುವ ಜಾಲರಿ ಒಮ್ಮೆ ತಾಗಿದ್ರೆ ಸಾಕು, ಗೀರೆಲ್ಲ ಎದ್ದು ಕಾಣ್ತದೆ. ಇದರಲ್ಲಾದ್ರೆ ಗೆರೆಯೊಟ್ಟಿಗೆ ಸೇರಿ ಹೋಗ್ತದೆ."

"ಇದೊಂದು ಸಲ ಮಾವ. ನಾನು ಮಾತು ಕೊಟ್ಟಾಗಿದೆ."

ಕೈಯಲ್ಲಿದ್ದ ಅಲಗನ್ನು ಕೆಳಗಿಟ್ಟರು. "ಕೊಟ್ಟಾಗಿದೆಯಾ? ಹಾಗಾದ್ರೆ ಮಾಡುವ."

ಹಳೆಯ ಬಫಿಂಗ್ ಮಷಿನ್ ಒಂದನ್ನು ಶೆಡ್ಡಿಗೆ ತಂದರು. ಒಂದು ಸಲ ಅಂದದ್ದು ವರ್ಷ ತುಂಬಿದರೂ ಮುಗಿಯಲಿಲ್ಲ. ಫೋಟೊ ಮೆಚ್ಚುವವರು ಹೆಚ್ಚಿದಷ್ಟೂ ನಾನು ಉಬ್ಬಿದೆ. ಮತ್ತೆ ಮತ್ತೆ ಹೂಂ ಅಂದೆ. ಮುಖಕ್ಕೆ ಒದ್ದೆ ಬೈರಾಸು ಕಟ್ಟಿಕೊಂಡು ಅವರು ಮಷಿನ್ನಿನ ಮುಂದೆ ನಿಲ್ಲುತ್ತಿದ್ದರು. ಸಂಜೆ ಗೋಡೆಯಾಚೆಯಿಂದ ಕೆಮ್ಮು ಕೇಳುತ್ತಿತ್ತು. ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಟಿವಿ ಜೋರು ಮಾಡುತ್ತಿದ್ದೆ.

ಕಲ್ಯಾಣದ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಧೂಳು ಎಂದರು ಡಾಕ್ಟರು. ಮಾವನ ಹೆಂಡತಿ ನನ್ನನ್ನು ಮೊದಲಿನ ಹಾಗೇ ಮಾತಾಡಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹದಿಮೂರನೆಯ ದಿನದ ಊಟಕ್ಕೆ ಕುಳಿತಿದ್ದಾಗ ಆಫೀಸಿನ ಗೆಳತಿಯ ಫೋನು ಬಂತು. ಚೂರಿಯ ತುಂಬ ಗೀರು ಬಿದ್ದಿದೆಯಂತೆ, ಅಂಕಲ್ ಹತ್ತಿರ ಇನ್ನೊಮ್ಮೆ ಪಾಲಿಶ್ ಮಾಡಿಸಿಕೊಡಬೇಕಂತೆ. ಅವರು ತೀರಿಕೊಂಡರು ಅಂದೆ. "ಅರೆರೆ," ಅಂದಳು. ಆಮೇಲೆ, "ದೂಸ್ರಾ ಕೋಯಿ ಹೈ ಕ್ಯಾ?" ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದಳು.

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವಳು ಹೊಳೆಯುವ ಚೂರಿ ಕೇಳಿದ್ದಳು, ಅಷ್ಟೇ. ಹೂಂ ಅಂದವಳು ನಾನು.