ದುರ್ಗಿಯ ಎಡಗಿವಿ

ಮೀನು ಮಾರುವ ಹೆಂಗಸಿಗೂ ಎರಡು ಕಿವಿಗಳಿವೆ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ಆ ಕಿವಿಗಳಿಗೆ ಚೌಕಾಸಿ ಬಿಟ್ಟು ಬೇರೇನಾದರೂ ಕೇಳಬೇಕು ಅನ್ನಿಸೀತು ಎಂದು ಕಾರವಾರದಲ್ಲಿ ಎಷ್ಟು ಜನ ಯೋಚಿಸಿದ್ದಾರೆ?

ಬೈತಖೋಲದ ದುರ್ಗಿಗೆ ಈಗ ಐವತ್ತೆರಡು. ನಸುಕಿನಲ್ಲೇ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿಯೊಂದಿಗೆ ಟೆಂಪೊ ಹತ್ತಿ, ಶಿರವಾಡದ ಮನೆಮನೆ ತಿರುಗುತ್ತಾಳೆ. ಕೇಳಿದವರಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಕೊಯ್ದೂ ಕೊಡುತ್ತಾಳೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು ಸೊಂಟದಲ್ಲಿ, ಇಯರ್‌ಫೋನಿನ ಒಂದು ಎಳೆ ಎಡಗಿವಿಯಲ್ಲಿ. ಬಲಗಿವಿ ಗಿರಾಕಿಗೆ ಮೀಸಲು.

ಈ ಚಟ ಹಿಡಿಸಿದವಳು ನೀತಾ, ಕಾರವಾರದ ಕಚೇರಿಯೊಂದರ ಗುಮಾಸ್ತೆ. ಕಳೆದ ವರ್ಷ ಒಂದು ರವಿವಾರ ಅವಳ ಮನೆ ಮೆಟ್ಟಿಲಲ್ಲಿ ಬಂಗಡೆ ಕೊಯ್ಯುತ್ತಿದ್ದ ದುರ್ಗಿಯ ಕತ್ತಿ, ಒಳಗಿಂದ ಬಂದ ಯಾರದೋ ದನಿಗೆ ಥಟ್ಟನೆ ನಿಂತಿತು.

"ಅದೆಂತ ಗೋ ಮಾತಾಡ್ತಾ ಇರುದು? ರೇಡಿಯೋನಾ?"

"ಪಾಡ್‌ಕಾಸ್ಟ್, ದುರ್ಗಕ್ಕ. ನಮಗೆ ಬೇಕಾದಾಗ ಹಾಕ್ಕೊಂಡು ಕೇಳುದು. ಸಾಕಂದ್ರೆ ನಿಲ್ತದೆ."

"ಸಾಕಂದ್ರೆ ನಿಲ್ತದಾ? ಹಂಗಾದ್ರೆ ನನ್ನ ಗಿರಾಕಿಗಳಿಗಿಂತ ಅಡ್ಡಿಲ್ಲ."

ನೀತಾ ನಗುತ್ತಲೇ ಅವಳ ಫೋನಿಗೆ ಮೂರು ಹಾಕಿಕೊಟ್ಟಳು. ಒಂದು ನಾಡಿನ ಊಟ, ಹಬ್ಬ, ಹಾಡುಗಳದ್ದು. ಒಂದು ಮನಸ್ಸಿನದ್ದು, ಒಬ್ಬ ಡಾಕ್ಟರಮ್ಮ ಮಾತಾಡುತ್ತಾರೆ. ಮೂರನೆಯದು ಜೀವನದಲ್ಲಿ ಮೇಲೆ ಬರುವುದು ಹೇಗೆ ಎಂಬುದರದ್ದು.

ವಾರದೊಳಗೆ ದುರ್ಗಿ ಮೂರನೆಯದನ್ನು ಎತ್ತಿ ಒಗೆದಳು. "ದಿನಾ ಐದಕ್ಕೆ ಏಳಬೇಕಂತೆ ಅಂವ ಹೇಳ್ತಾ. ಐದಕ್ಕೆ ನಾ ಬಂದರಿನಲ್ಲಿ ಜಗಳ ಮುಗ್ಸಿರ್ತೆ. ಮೂವತ್ತು ವರ್ಷ ಆಯ್ತು, ಎಷ್ಟು ಮೇಲೆ ಬಂದೆ ನೋಡು!" ಬಡವರ ದುಡಿತವನ್ನೇ ಉಳ್ಳವರಿಗೆ ಹೊಸ ಅಭ್ಯಾಸವೆಂದು ಮಾರುವ ಮಂದಿಗೆ ಇದಕ್ಕಿಂತ ನೆಟ್ಟಗಿನ ವಿಮರ್ಶೆ ಸಿಗಲಾರದು.

ಮೊದಲನೆಯದು ಅವಳಿಗೆ ಹಿಡಿಸಿತು, ಆದರೂ ಮೀನುಸಾರಿನ ಕಂತಿನಲ್ಲಿ ತಪ್ಪು ಹಿಡಿದಳು. ಎರಡನೆಯದನ್ನು ಕೇಳುವಾಗ ಮಾತ್ರ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಅದನ್ನು ಕಂಡು, ಏನೆಂದು ಕೇಳಿ ತಿಳಿದ ಶಿರವಾಡದ ನಿವೃತ್ತ ಶಿಕ್ಷಕಿ ಗೋದಾವರಿ ಅಕ್ಕೋರು ಗೇಟಿನಲ್ಲೇ ನಕ್ಕರು: "ಮನಶ್ಶಾಸ್ತ್ರ ಕೇಳ್ತಿಯಾ? ನಿಂಗೆಂತಕ್ಕೆ ಅದು, ದುರ್ಗಿ?"

ಯಾಕೆ ಬೇಕು ಎಂದು ಅಕ್ಕೋರಿಗೆ ಹೇಳುವ ಮಾತಾಗಿರಲಿಲ್ಲ.

ಬೇಕಾದದ್ದು ಗಂಡ ತುಳಸಿದಾಸನ ಸಲುವಾಗಿ. ಎರಡು ವರ್ಷದ ಹಿಂದೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಕಡಲಿಗಿಳಿದ ಮೊದಲ ವಾರದಲ್ಲೇ ಅವನ ದೋಣಿ ಮಗುಚಿತ್ತು. ಜೊತೆಗಿದ್ದ ಬೇಲೆಕೇರಿಯ ಕುಪ್ಪನನ್ನು ಬೇರೆ ದೋಣಿಯವರು ಎತ್ತಿದರು; ಇಬ್ಬರೂ ಬದುಕಿದರು. ಆದರೆ ತುಳಸಿದಾಸ ಮತ್ತೆ ಕಡಲಿಗಿಳಿಯಲಿಲ್ಲ. ಮೊಣಕಾಲು ನೋವು ಎಂದ. ಊಟ ಕಡಿಮೆಯಾಯಿತು, ಮಾತು ನಿಂತೇ ಹೋಯಿತು. ಕುಪ್ಪನೂ ಇತ್ತ ತಲೆ ಹಾಕಲಿಲ್ಲ. ಗಂಡ ತನ್ನ ಕಣ್ಣೆದುರೇ ಕರಗಿಹೋಗುತ್ತಾನೆ ಎಂಬ ಹೆದರಿಕೆ ದುರ್ಗಿಗೆ. ಆದರೂ ಅವಳು ಏನನ್ನೂ ಕೇಳಿರಲಿಲ್ಲ. ಕಡಲಲ್ಲಿ ಆದ ಕೆಡುಕನ್ನು ಮನೆಯೊಳಗೆ ಆಡಬಾರದು ಎಂಬುದು ಅತ್ತೆಯ ಕಾಲದಿಂದ ಬಂದ ಕಟ್ಟಳೆ.

ಡಾಕ್ಟರಮ್ಮ ಹೇಳಿದ್ದು ಅದಕ್ಕೆ ಪೂರಾ ಉಲ್ಟಾ. ಏನಾಯಿತೆಂದು ಮೆಲ್ಲಗೆ ಕೇಳಿ. ಆಮೇಲೆ ಅವರಾಗಿ ಬಾಯಿ ಬಿಡುವ ತನಕ ಸುಮ್ಮನಿರಿ. ಆಸ್ಪತ್ರೆಗೆ ಹೋಗಲು ನಾಚಬೇಡಿ. ಆ ಕಂತನ್ನು ದುರ್ಗಿ ನಾಲ್ಕು ಸಲ ಕೇಳಿದಳು. ಐದನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಧೈರ್ಯ ಮಾಡಿದಳು.

"ಅಂದು ದೋಣಿ ಮಗುಚಿದಾಗ ಎಂತಾ ಆಯ್ತು? ಹೇಳಿ."

ತುಳಸಿದಾಸ ಸುಮ್ಮನೆ ಕೂತ.

ಮೂವತ್ತು ವರ್ಷ ಮೀನು ಮಾರಿದವಳಿಗೆ ಎದುರಿನವರು ಸುಮ್ಮನಾದರೆ ಜೀವ ಹೋದಂತಾಗುತ್ತದೆ. ಗಿರಾಕಿ ಸುಮ್ಮನಾದರೆ ಎದ್ದು ಹೊರಟನೆಂದೇ ಅರ್ಥ; ಕೂಡಲೇ ದರ ಇಳಿಸಬೇಕು, ಇಲ್ಲವೇ ಎರಡು ಮೀನು ಹೆಚ್ಚಿಗೆ ಹಾಕಬೇಕು. ದುರ್ಗಿಯ ಬಾಯಿ ತಾನಾಗಿ ದರ ಇಳಿಸಿತು. "ಹೋಗಲಿ, ಹೇಳದಿದ್ರೂ ಅಡ್ಡಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಲಾ?"

"ತಿಕ್ಕು," ಎಂದ ತುಳಸಿದಾಸ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಎರಡನೆಯ ಸಲ ಇನ್ನೂ ಅಗ್ಗ. ಒಂದು ಲೋಟ ಚಹಾಕ್ಕೆ ಬಿಟ್ಟುಕೊಟ್ಟಳು.

ಇದನ್ನು ಕೇಳಿ ನೀತಾ ತಲೆ ಚಚ್ಚಿಕೊಂಡಳು. "ಅಯ್ಯೋ ದುರ್ಗಕ್ಕ, ನಿಂಗೆ ಬಾಯಿ ಮುಚ್ಚುದು ಬರುದೇ ಇಲ್ಲಲ್ಲ! ಕೈಗೊಂದು ಕೆಲಸ ಹಚ್ಕೊಂಡು ಕೂತ್ಕೋ."

ಮೂರನೆಯ ಸಲ ದುರ್ಗಿ ಮಾರಾಟವಾಗದೆ ಉಳಿದ ತಾರ್ಲೆ ಮೀನನ್ನು ಉಪ್ಪು ಹಚ್ಚಿ ಒಣಗಿಸಲೆಂದು ಮುಂದಿಟ್ಟುಕೊಂಡು ಕೂತಳು. ಅದೇ ಪ್ರಶ್ನೆ ಕೇಳಿದಳು. ತಲೆ ಎತ್ತಲಿಲ್ಲ. ಒಂದೊಂದೇ ಮೀನಿನ ಹೊಟ್ಟೆ ಸೀಳಿ ತೆಗೆದಳು. ನಾಲಿಗೆ ತುದಿಗೆ ಬಂದ ಎಣ್ಣೆ, ಚಹಾ ಎಲ್ಲವನ್ನೂ ಹಲ್ಲು ಕಚ್ಚಿ ನುಂಗಿದಳು. ಅರ್ಧ ಬುಟ್ಟಿ ಖಾಲಿಯಾಗಿತ್ತು.

"ಕುಪ್ಪನ ಕೈ ಹಿಡ್ಕಂಡಿದ್ದೆ," ಎಂದ ತುಳಸಿದಾಸ. "ಅವನ ಕಾಲಿಗೆ ಬಲೆ ಸುತ್ಕಂಡಿತ್ತು. ನನ್ನೂ ಎಳೀತಾ ಇತ್ತು. ಕೈ ಬಿಟ್ಟೆ. ಬೇಕು ಅಂತಲೇ ಬಿಟ್ಟೆ ನಾ."

ದುರ್ಗಿ ಏನೂ ಅನ್ನಲಿಲ್ಲ. ಉಳಿದ ಅರ್ಧ ಬುಟ್ಟಿ ಮುಗಿಯುವ ತನಕ ಅವನು ಅತ್ತ, ಮಾತಾಡಿದ, ಮತ್ತೆ ಅತ್ತ.

ಮರುದಿನ ಅವಳು ಶಿರವಾಡಕ್ಕೆ ಹೋಗಲಿಲ್ಲ. ಅಂಕೋಲೆ ಬಸ್ಸು ಹತ್ತಿ ಬೇಲೆಕೇರಿಗೆ ಹೋಗಿ, ಕುಪ್ಪನನ್ನು ಊಟದ ಎಲೆಯಿಂದಲೇ ಎಬ್ಬಿಸಿ ಕರೆತಂದಳು. ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಶುರುಮಾಡಿದ.

"ಎಂತ ತುಳಸಿದಾಸಣ್ಣ, ಕೈ ಬಿಟ್ಟೆ ಅಂತ ಕೊರಗ್ತಾ ಕೂತಿದ್ಯಂತೆ? ನೀ ಬಿಡದೆ ಇದ್ರೆ ನಾ ಬಗ್ಗಿ ಕಾಲಿನ ಬಲೆ ಬಿಡಿಸುದು ಹೆಂಗೆ? ಆ ಕೈ ಬೇಕಿತ್ತು ಮಾರಾಯಾ ನಂಗೆ!"

"ಮತ್ತೆ ಎರಡು ವರ್ಷ ಎಲ್ಲಿ ಸತ್ತಿದ್ದೆ?" ಕೇಳಿದ ತುಳಸಿದಾಸ.

ಕುಪ್ಪ ತಲೆ ತಗ್ಗಿಸಿದ. "ಬಲೆ ಸರಿಯಾಗಿ ಮಡಚದೇ ಇದ್ದವ ನಾನೇ ಅಲ್ವಾ? ಅದು ಒಂದೇ ಬದಿಗೆ ಜಾರಿ ದೋಣಿ ಮಗುಚ್ತು. ನಿನ್ನ ದೋಣಿ ಹೋಯ್ತು ನನ್ನಿಂದ. ಯಾವ ಮುಖ ಹೊತ್ಕಂಡು ಬರುದು?"

ತುಳಸಿದಾಸ ಅವನನ್ನೇ ನೋಡಿದ. ಆಮೇಲೆ ಎರಡು ವರ್ಷದಲ್ಲಿ ಮೊದಲ ಸಲ ಹೆಂಡತಿಯನ್ನು ಗದರಿದ: "ಅಲ್ವೇ, ಎಲೆಯಿಂದ ಎಬ್ಬಿಸ್ಕಂಡು ಬಂದಿದಿ, ಅನ್ನ ಬಡಿಸು ಅವನಿಗೆ!" ದುರ್ಗಿ ಒಳಗೆ ಹೋಗಿ, ಅನ್ನದ ಪಾತ್ರೆ ಹಿಡಿದುಕೊಂಡು, ಉಸಿರು ಹಗುರಾಗುವ ತನಕ ಅಲ್ಲೇ ನಿಂತಳು.

ಈಗ ತಿಂಗಳಿಗೊಮ್ಮೆ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋಗುತ್ತಾರೆ, ಮನಸ್ಸಿನ ಡಾಕ್ಟರ ಬಳಿಗೆ. ತುಳಸಿದಾಸ ದೋಣಿ ಹತ್ತಿಲ್ಲ. ಆದರೆ ಹತ್ತಾರು ಜನ ದಡದಲ್ಲೇ ನಿಂತು ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಚ್ಚುತ್ತಾನೆ. ಮನೆಗೆ ಬಂದು ಉಣ್ಣುತ್ತಾನೆ, ಸಾರಿಗೆ ಉಪ್ಪು ಕಡಿಮೆ ಎಂದು ಗೊಣಗುತ್ತಾನೆ. ಆ ಗೊಣಗಾಟ ಕೇಳಿದರೆ ದುರ್ಗಿಗೆ ಹೊಟ್ಟೆ ತುಂಬುತ್ತದೆ.

ಶಿರವಾಡದಲ್ಲಿ ಈಗ ಅವಳು ಮೀನಿನ ಜೊತೆ ಪಾಡ್‌ಕಾಸ್ಟನ್ನೂ ಕೊಡುತ್ತಾಳೆ. ಆರಿಸುವ ಬಗೆ ಹೇಳುತ್ತಾಳೆ: "ಕಿವಿರು ಎತ್ತಿ ನೋಡ್ದಂಗೇ ಅಕ್ಕೋರೆ. ಐದು ನಿಮಿಷ ಕೇಳಿ. ಮನೆಗೆಲಸಕ್ಕೆ ಆಳಿದ್ದವರಿಗೆ ಮಾತ್ರ ಹೇಳ್ತಾ ಇದ್ರೆ ಅದು ಹಳಸಿದ ಮಾಲು, ಬಿಟ್ಬಿಡಿ." ನಕ್ಕಿದ್ದ ಗೋದಾವರಿ ಅಕ್ಕೋರು ತಾವೇ ಗೇಟಿನ ತನಕ ಫೋನು ತಂದು ಡಾಕ್ಟರಮ್ಮನ ಕಂತುಗಳನ್ನು ಹಾಕಿಸಿಕೊಂಡರು. ಯಾಕೆಂದು ದುರ್ಗಿ ಕೇಳಲಿಲ್ಲ. ಅವರೇ ಹೇಳುವ ತನಕ ಮೀನು ಕೊಯ್ಯುತ್ತ ಕೂತಳು.

ನಿಮ್ಮ ಫೋನಿನಲ್ಲೂ ಇಂಥ ಒಂದು ಪಾಡ್‌ಕಾಸ್ಟ್ ಇದೆ. ನಿಮ್ಮಂಥ ಹತ್ತು ಜನರಿಗೆ ಕಳಿಸಿ ದೊಡ್ಡವರಾಗಿದ್ದೀರಿ. ನಾಳೆ ನಿಮ್ಮ ಬಾಗಿಲಿಗೆ ಬುಟ್ಟಿ ಹೊತ್ತು ಬರುವವಳಿಗೆ ಅದನ್ನು ಹಾಕಿಕೊಡಿ. ನಿಮ್ಮ ಮನೆಯಲ್ಲೇ ಮಾತು ಬಿಟ್ಟು ಕೂತವರಿದ್ದರೆ ಇವತ್ತೇ ಅವರೆದುರು ಕೂರಿ, ಏನಾಯಿತೆಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ.